ಜಾಮ್ ಆದ ಜಾವಾ ಪಿಸ್ಟನ್ ಬಿಡಿಸೋದು ಹೇಗೆ?

“ಅಪ್ಪನ ಹಳೇ ಜಾವಾ ಬೈಕು ಹದಿನೈದು ವರ್ಷದಿಂದ ಕೊಟ್ಟಿಗೆಯಲ್ಲಿ ನಿಂತಿದೆ. ಕಿಕ್ಕರ್ ಒಂದಿಂಚೂ ಇಳಿಯುತ್ತಿಲ್ಲ. ಪಿಸ್ಟನ್ ಹೇಗೆ ಬಿಡಿಸೋದು?” ನನ್ನನ್ನು ಜನ ಜಾಸ್ತಿ ಕೇಳುವುದು ಇದನ್ನೇ. ಕೇಳುವ ಹೊತ್ತಿಗೆ ಎಷ್ಟೋ ಜನ ಸುತ್ತಿಗೆಯಲ್ಲಿ ನಾಲ್ಕು ಏಟು ಹಾಕಿ ನೋಡಿರುತ್ತಾರೆ. ಅದನ್ನು ಕೇಳಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ನನ್ನ ಉತ್ತರ ಇಷ್ಟೇ. ಪಿಸ್ಟನ್ ಹೋದರೆ ಹೋಗಲಿ, ಅದು ಮೇಲೆ ಕೆಳಗೆ ಓಡಾಡುವ ಬ್ಲಾಕ್ (ಸಿಲಿಂಡರ್) ಮತ್ತು ಅದು ತಿರುಗಿಸುವ ಕ್ರ್ಯಾಂಕ್ ಉಳಿಯಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಪಿಸ್ಟನ್ನು ಹೊಸದು ಹಾಕಿಸಬಹುದು. ಕಾರ್ಖಾನೆಯಿಂದ ಬಂದ ಬ್ಲಾಕ್ ಒಡೆದರೆ ಅಂಥದ್ದು ಮತ್ತೆ ಸಿಗುವುದು ಕಷ್ಟ.

ಪಿಸ್ಟನ್ ಯಾಕೆ ಹಿಡಿದುಕೊಳ್ಳುತ್ತದೆ? ಜಾವಾದ ಬ್ಲಾಕ್ ಬೀಡುಕಬ್ಬಿಣದ್ದು, ಪಿಸ್ಟನ್ ಅಲ್ಯೂಮಿನಿಯಂ. ಟೂ ಸ್ಟ್ರೋಕ್ ಇಂಜಿನ್ ಆದ್ದರಿಂದ ಮುಚ್ಚಿಕೊಳ್ಳಲು ವಾಲ್ವ್ ಇಲ್ಲ, ಬೋರಿನ (ಪಿಸ್ಟನ್ ಓಡಾಡುವ ಕೊಳವೆಯ) ಗೋಡೆಯಲ್ಲಿ ಕಿಂಡಿಗಳಿವೆ. ಗಾಡಿ ನಿಂತಲ್ಲೇ ನಿಂತರೆ ಮಳೆಗಾಲದ ತೇವ ಸೈಲೆನ್ಸರ್ ಮೂಲಕ ಒಳಗೆ ಬರುತ್ತದೆ. ಪಿಸ್ಟನ್ ಸುತ್ತ ಇರುವ ರಿಂಗು ಮತ್ತು ಗೋಡೆಯ ನಡುವೆ ತುಕ್ಕು ಬೆಳೆಯುತ್ತದೆ. ಅಂದರೆ ನಾವು ಬಿಡಿಸಬೇಕಾದದ್ದು ಆ ತುಕ್ಕನ್ನು.

ಮೊದಲು ಜಾಮ್ ಆಗಿರುವುದು ಪಿಸ್ಟನ್ನೇ ಅಂತ ಖಾತ್ರಿ ಮಾಡಿಕೊಳ್ಳಿ. ಜಾವಾದಲ್ಲಿ ಗೇರು, ಕಿಕ್ಕರು ಎರಡಕ್ಕೂ ಒಂದೇ ಲಿವರ್, ಅದರ ಒಳಗಡೆ ಸಿಕ್ಕಿಕೊಂಡಿದ್ದರೂ ಇದೇ ಥರ ಕಾಣುತ್ತದೆ. ಖಾತ್ರಿಯಾದ ಮೇಲೆ ಕಾರ್ಬೊರೇಟರ್, ಸೈಲೆನ್ಸರ್ ಬಿಚ್ಚಿ. ಬ್ಲಾಕಿನ ಮೇಲಿನ ಮುಚ್ಚಳ, ಅಂದರೆ ಹೆಡ್ಡಿನ ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ ಹೆಡ್ ತೆಗೆಯಿರಿ. ಪಿಸ್ಟನ್ ಎಲ್ಲಿ ನಿಂತಿದೆ ಅಂತ ಈಗ ಕಾಣುತ್ತದೆ.

ಇನ್ನು ನೆನೆಸುವುದು. ಅಸಿಟೋನ್ ಮತ್ತು ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಆಯಿಲ್ ಅರ್ಧಕ್ಕರ್ಧ ಬೆರೆಸಿ. ನಿಂತರೆ ಎರಡೂ ಬೇರೆಯಾಗುತ್ತವೆ, ಅದಕ್ಕೆ ಪ್ರತಿಸಲ ಕುಲುಕಿ ಪಿಸ್ಟನ್ ಮೇಲೆ ಸುರಿಯಿರಿ. ಬರೀ ಡೀಸೆಲ್ ಆದರೂ ನಡೆಯುತ್ತದೆ, ದಿನ ಜಾಸ್ತಿ ಬೇಕು. ಪಿಸ್ಟನ್ ಕೆಳಗೆ ನಿಂತಿದ್ದರೆ ಎಣ್ಣೆ ಕಿಂಡಿಗಳಿಂದ ಹರಿದುಹೋಗುತ್ತದೆ, ಅಲ್ಲಿಗೆ ಬಟ್ಟೆ ತುರುಕಿ. ರಾತ್ರಿ ತುಂಬಿಸಿದ ಎಣ್ಣೆ ಬೆಳಿಗ್ಗೆ ಒಂದಿಷ್ಟು ಇಳಿದಿದ್ದರೆ ಖುಷಿಪಡಿ, ಅದು ರಿಂಗಿನ ಸಂದಿಗೆ ದಾರಿ ಮಾಡಿಕೊಂಡಿದೆ. ದಿನಾ ತುಂಬಿಸುತ್ತಾ ಹತ್ತು ದಿನ ಕಾಯಿರಿ.

ಆಮೇಲೆ ಶಾಖ. ಇಲ್ಲಿ ಬಹಳ ಜನ ಎಡವುತ್ತಾರೆ. ಅಲ್ಯೂಮಿನಿಯಂ ಕಾಯ್ದರೆ ಬೀಡುಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಪಿಸ್ಟನ್ನಿಗೇ ಬೆಂಕಿ ಕೊಟ್ಟರೆ ಅದು ಇನ್ನೂ ಬಿಗಿಯಾಗುತ್ತದೆ. ಬಿಸಿ ಮಾಡಬೇಕಾದ್ದು ಬ್ಲಾಕನ್ನು, ಹೊರಗಿನಿಂದ, ಸುತ್ತಲೂ ಸಮನಾಗಿ, ಹಾಟ್ ಏರ್ ಗನ್ನಿನಿಂದ. ಅಸಿಟೋನ್ ಇದ್ದ ಕಡೆ ಬಿಸಿ ಒಯ್ಯಲೇಬೇಡಿ. ಅದು ತಕ್ಷಣ ಹೊತ್ತಿಕೊಳ್ಳುತ್ತದೆ. ಮಿಶ್ರಣವೆಲ್ಲ ಒರೆಸಿ, ಬಟ್ಟೆ ತೆಗೆದು, ಒಂದು ದಿನ ಬಯಲಲ್ಲಿ ಆರಲು ಬಿಟ್ಟು ಆಮೇಲೆ ಬಿಸಿ ಮಾಡಿ. ಪೂರ್ತಿ ತಣ್ಣಗಾದ ಮೇಲೆ ಮತ್ತೆ ಎಣ್ಣೆ. ಹೀಗೆ ಹಿಗ್ಗಿ ಕುಗ್ಗಿ ತುಕ್ಕು ಬಿರುಕು ಬಿಡುತ್ತದೆ. ಒಂದೇ ದಿನಕ್ಕೆ ಆಗುವ ಕೆಲಸ ಅಲ್ಲ.

ನನ್ನ ಮೊದಲ ಗಾಡಿಯಲ್ಲಿ ನನಗೆ ಇಷ್ಟು ಕಾಯುವುದು ಗೊತ್ತಿರಲಿಲ್ಲ. ಕ್ರ್ಯಾಂಕಿನ ಬಲತುದಿಯ ಡೈನಮೊ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಅದಕ್ಕೊಂದು ಉದ್ದ ಪೈಪು ಸೇರಿಸಿ ಎಳೆದೆ. ಪಿಸ್ಟನ್ ಬಿಟ್ಟಿತು, ಆದರೆ ಕ್ರ್ಯಾಂಕ್ ತಿರುಚಿತು. ಈ ಕ್ರ್ಯಾಂಕ್ ಒಂದೇ ತುಂಡಲ್ಲ, ಬೇರೆ ಬೇರೆ ಭಾಗಗಳನ್ನು ಪ್ರೆಸ್ಸಿನಲ್ಲಿ ಒತ್ತಿ ಸೇರಿಸಿದ್ದು. ಒಂದು ಕೂದಲೆಳೆ ವಾರೆಯಾದರೂ ಇಂಜಿನ್ ನಡುಗುತ್ತದೆ, ಬೇರಿಂಗ್ ಸವೆಯುತ್ತದೆ. ಇಡೀ ಇಂಜಿನ್ ಬಿಚ್ಚಿ ಅದನ್ನು ಸರಿಮಾಡಿಸಬೇಕಾಯಿತು. ಆ ಬೇಸರ ಇನ್ನೂ ಇದೆ.

ಹಾಗಾಗಿ ಸೋದರಮಾವನ ಜಾವಾ ಕೈಗೆ ಬಂದಾಗ ನಾನು ಅವಸರ ಮಾಡಲಿಲ್ಲ. ಅದರ ಬೋರು 65 ಮಿಲಿಮೀಟರ್. ಅದಕ್ಕಿಂತ ಸ್ವಲ್ಪ ಸಣ್ಣದಾದ ಗಟ್ಟಿ ಮರದ ತುಂಡನ್ನು ಪಿಸ್ಟನ್ ಮೇಲಿಟ್ಟು ದಿನಾ ಮೆಲ್ಲಗೆ ತಟ್ಟುತ್ತಿದ್ದೆ. ಪಿಸ್ಟನ್ ನಡುಮಧ್ಯ ನಿಂತಿದ್ದರಿಂದ ಇದು ಸಾಧ್ಯವಾಯಿತು. ತುತ್ತತುದಿಯಲ್ಲೋ ತೀರಾ ಕೆಳಗೋ ನಿಂತಿದ್ದರೆ ತಟ್ಟಿದ ಪೆಟ್ಟೆಲ್ಲ ನೇರ ಕ್ರ್ಯಾಂಕಿಗೇ ಬೀಳುತ್ತದೆ, ಆಗ ತಟ್ಟಬಾರದು. ಹತ್ತೊಂಬತ್ತನೇ ದಿನ ಅಂಚಿನ ಎಣ್ಣೆಯಲ್ಲಿ ಸಣ್ಣ ಗುಳ್ಳೆ ಎದ್ದಿತು. ಪಿಸ್ಟನ್ ಕೂದಲಿನಷ್ಟು ಸರಿದಿತ್ತು! ಮತ್ತೆ ಎಣ್ಣೆ ಬಿಟ್ಟು, ಕಿಕ್ಕರನ್ನು ಕೈಯಲ್ಲೇ ಹಿಂದೆ ಮುಂದೆ ಆಡಿಸುತ್ತಾ ಸಂಜೆಯೊಳಗೆ ಬಿಡಿಸಿದೆ.

ಪಿಸ್ಟನ್ ತೀರಾ ಕೆಳಗೆ ಸಿಕ್ಕಿದ್ದರೆ ಒಂದು ಅನುಕೂಲವಿದೆ. ಬ್ಲಾಕನ್ನೇ ಪಿಸ್ಟನ್ ಸಮೇತ ಮೇಲೆತ್ತಬಹುದು. ಪಿಸ್ಟನ್ನನ್ನು ಕೆಳಗಿನ ರಾಡಿಗೆ ಜೋಡಿಸುವ ಪಿನ್ ಹೊರಗೆ ಕಂಡರೆ ಲಾಕ್ ತೆಗೆದು, ಪಿನ್ ತಳ್ಳಿ, ಬ್ಲಾಕನ್ನು ಲೇತ್ ಅಂಗಡಿಯ ಪ್ರೆಸ್ಸಿಗೆ ಒಯ್ಯಿರಿ. ಎತ್ತುವಾಗ ತಿರುಚಬೇಡಿ. ರಿಂಗಿನ ತುದಿ ಕಿಂಡಿಗೆ ಸಿಕ್ಕಿ ಮುರಿದು ಬೋರಿಗೆ ಗೀರು ಬೀಳುತ್ತದೆ. ಏನೂ ಆಗದಿದ್ದರೆ ಪಿಸ್ಟನ್ನಿಗೆ ತೂತು ಕೊರೆದು, ತುಂಡು ತುಂಡಾಗಿ ತೆಗೆಯಿರಿ. ಅದಕ್ಕೆ ಬೇಸರ ಬೇಡ.

ಗ್ರೀಸ್ ಗನ್ನಿನಿಂದ ಪ್ಲಗ್ಗಿನ ತೂತಿಗೆ ಒತ್ತಡ ಕೊಡಬಹುದಾ ಅಂತಲೂ ಕೇಳುತ್ತಾರೆ. ವಾಲ್ವ್ ಮುಚ್ಚಿದ ಬುಲೆಟ್ಟಿನಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಜಾವಾದಲ್ಲಿ ಪಿಸ್ಟನ್ ಕಿಂಡಿಗಳಿಗಿಂತ ಮೇಲಿದ್ದರೆ ಮಾತ್ರ ಉಂಟು, ಇಲ್ಲದಿದ್ದರೆ ಗ್ರೀಸೆಲ್ಲ ಹೊರಗೆ.

ಬಿಟ್ಟ ಮೇಲೆ ಬೋರ್ ಅಳೆಸಿ. ತುಕ್ಕಿನ ಗುಳಿ ಉಗುರಿಗೆ ತಾಗಿದರೆ ಬೋರಿಂಗ್ ಮಾಡಿಸಿ (ಬೋರನ್ನು ಸ್ವಲ್ಪ ಅಗಲ ಮಾಡಿಸಿ) ಓವರ್‌ಸೈಜ್ ಪಿಸ್ಟನ್ ಹಾಕಿಸಬೇಕು. ನೆನೆಸಿದ ಎಣ್ಣೆ ಕ್ರ್ಯಾಂಕ್ ಇರುವ ಕೆಳಗಿನ ಕೇಸಿನಲ್ಲಿ ಇಳಿದಿರುತ್ತದೆ, ಅದನ್ನು ಪೂರ್ತಿ ಬಸಿಯಿರಿ. ಅಸಿಟೋನ್ ರಬ್ಬರನ್ನು ಕೆಡಿಸುತ್ತದೆ, ಕ್ರ್ಯಾಂಕಿನ ಆಯಿಲ್ ಸೀಲ್ ಎರಡನ್ನೂ ಹೊಸದು ಹಾಕಿ. ಅಲ್ಲಿಯವರೆಗೆ ಕಿಕ್ಕರ್ ಹೊಡೆಯಬೇಡಿ.