ಒಂದು ಬಾಗಿಲಿಗೆ ಎರಡು ಬೀಗ: ಡೂಮ್ ಎಡಿಟರ್‌ನಿಂದ ಆಟದ ಮೇಜಿಗೆ

ಡೂಮ್ ಎಂಬ ಹಳೆಯ ಶೂಟಿಂಗ್ ಆಟಕ್ಕೆ ನಕ್ಷೆ ಬಿಡಿಸುವ ಅಲ್ಟಿಮೇಟ್ ಡೂಮ್ ಬಿಲ್ಡರ್‌ನಲ್ಲಿ ಬಿಡಿಸಿದ ಬಾಗಿಲು, ದಾಳ ಉರುಳಿಸಿ ಆಡುವ ಪಾತ್ರಾಭಿನಯದ ಆಟಕ್ಕೆ ಪರದೆಯ ಮೇಲೆ ಮೇಜು ಹಾಸುವ ವರ್ಚುವಲ್ ಟೇಬಲ್‌ಟಾಪ್‌ನಲ್ಲಿ ಕೊನೆಗೂ ಒಂದೇ ಸಲಕ್ಕೆ ತೆರೆದುಕೊಂಡಿತು. ಇದುವರೆಗೆ ಪ್ರತಿ ಬಾಗಿಲನ್ನೂ ಎರಡೆರಡು ಬಾರಿ ತೆರೆಯಬೇಕಾಗಿದ್ದುದರಿಂದ, ಕಳ್ಳನ ಪಾತ್ರಧಾರಿ ಪ್ರತಿ ಬೀಗಕ್ಕೂ ಎರಡು ಸಲ ದಾಳ ಉರುಳಿಸಿ ಕೋಟೆ ಕಟ್ಟಿದ ಬಡಗಿಗೆ ಶಾಪ ಹಾಕುತ್ತಿದ್ದರು.

ಗ್ರಿಡ್ಡಿನದು ತಕರಾರಿಲ್ಲ. ಡೂಮ್‌ನ ನೆಲದ ಚಿತ್ರಗಳು 64×64 ಅಳತೆಯವಾಗಿದ್ದು ನಕ್ಷೆಯ ಗ್ರಿಡ್ಡಿಗೇ ಹೊಂದಿಕೊಂಡಿರುವುದರಿಂದ, ಡೂಮ್‌ನ ಅಳತೆಯ 64 ಯೂನಿಟ್ಟಿಗೆ 5 ಅಡಿಯ ಒಂದು ಚೌಕ ಎಂದು ಗೊತ್ತುಮಾಡಿಕೊಂಡು, ಚೌಕಕ್ಕೆ 100 ಪಿಕ್ಸೆಲ್‌ನಂತೆ ಚಿತ್ರ ತೆಗೆದರೆ ಸಾಕು. ಡೂಮ್ ನಕ್ಷೆಯನ್ನು ಉಳಿಸುವ ಯುಡಿಎಂಎಫ್ ಎಂಬ ಕಡತ ಮಾದರಿ ಬರಿಯ ಪಠ್ಯವಾದ್ದರಿಂದ ಗೋಡೆಗಳನ್ನು ಓದುವ ಸ್ಕ್ರಿಪ್ಟೂ ಚಿಕ್ಕದೇ. ವೈ ಅಕ್ಷವನ್ನು ಮಾತ್ರ ತಲೆಕೆಳಗು ಮಾಡಬೇಕು. ಒಂದೇ ಬದಿಯ ಗೆರೆ, ಅಂದರೆ ಒಂದು ಕಡೆ ಮಾತ್ರ ಜಾಗವಿರುವ ಗೆರೆ, ಎಂದರೆ ಗೋಡೆ. ಎರಡು ಬದಿಯ ಗೆರೆಯ ಆಚೀಚೆ ನೆಲದ ಎತ್ತರ 24 ಯೂನಿಟ್ಟಿಗಿಂತ ಹೆಚ್ಚು ಬೇರೆಯಾದರೆ ಡೂಮ್‌ನ ಆಟಗಾರ ಹತ್ತಲಾರ. ಅಂಥ ಗೆರೆ ನೋಟಕ್ಕೆ ಮುಕ್ತ, ನಡೆಗೆ ತಡೆ.

ತೊಡಕೆಲ್ಲ ಬಾಗಿಲಿನದು. ಡೂಮ್‌ನಲ್ಲಿ ಬಾಗಿಲೆಂಬುದು ಗೆರೆಯಲ್ಲ, ಚಾವಣಿಯನ್ನು ನೆಲಕ್ಕೆ ಇಳಿಸಿದ ಒಂದು ಪುಟ್ಟ ಸೆಕ್ಟರ್, ಅಂದರೆ ಗೆರೆಗಳು ಸುತ್ತುವರಿದ ಜಾಗ. ಅದಕ್ಕೆ ದಪ್ಪವಿದೆ, ಆದ್ದರಿಂದ ಮುಂದೊಂದು ಹಿಂದೊಂದು ಎಂದು ಎರಡು ಮುಖಗಳಿವೆ. ಟೇಬಲ್‌ಟಾಪ್‌ಗೆ ಬೇಕಾದದ್ದು ನಡುವಿನ ಒಂದೇ ಗೆರೆ. ಎರಡೂ ಮುಖಗಳ ಆರಂಭಬಿಂದುಗಳ ಮಧ್ಯ ಒಂದು ತುದಿ, ಅಂತ್ಯಬಿಂದುಗಳ ಮಧ್ಯ ಇನ್ನೊಂದು ತುದಿ ಎಂದು ಲೆಕ್ಕ ಹಾಕಿದರೆ ಎರಡು ತುದಿಗಳೂ ಬಾಗಿಲಿನ ನಟ್ಟನಡುವೆ ಬಂದು ಕೂಡಿ, ಶೂನ್ಯ ಉದ್ದದ, ಕಣ್ಣಿಗೇ ಕಾಣದ ಬಾಗಿಲು ಹುಟ್ಟುತ್ತದೆ. ಮಾಂತ್ರಿಕನಿಗೆ ಇದು ಸಂತೋಷದ ಸಂಗತಿ, ನನಗಲ್ಲ.

ಪರಿಹಾರ ಡೂಮ್‌ನ ನಿಯಮದಲ್ಲೇ ಇತ್ತು. ಗೆರೆಯ ಬಲಬದಿಯೇ ಅದರ ಮುಂಭಾಗ, ಮತ್ತು ಆಟಗಾರ ಒತ್ತಿ ತೆರೆಯುವ ಬಾಗಿಲಿನ ಎರಡೂ ಮುಖಗಳು ಹೊರಗಡೆಗೇ ನೋಡುತ್ತಿರಬೇಕು. ಹಾಗಾಗಿ ಅವೆರಡೂ ಪರಸ್ಪರ ವಿರುದ್ಧ ದಿಕ್ಕಿನಲ್ಲಿ ಹರಿಯುತ್ತವೆ. ಒಂದರ ಆರಂಭಕ್ಕೆ ಇನ್ನೊಂದರ ಅಂತ್ಯವನ್ನು ಜೋಡಿಸಿದೊಡನೆ ಬಾಗಿಲುಗಳೆಲ್ಲ ಚೌಕಟ್ಟಿನಲ್ಲಿ ಬಂದು ನಿಂತವು.

ನಕ್ಷೆಯ ಕಾಗದದ ಪ್ರತಿಯ ಕಥೆ ಬೇರೆ. ಅಳತೆ ಬದಲಿಸಬಾರದೆಂದು ಕಡತದ ಹೆಸರಿನಲ್ಲೇ ಬರೆದು ಕೊಟ್ಟರೂ ಮುದ್ರಣದಂಗಡಿಯವರು ಪುಟಕ್ಕೆ ಹೊಂದಿಸಿಯೇ ಮುದ್ರಿಸಿದರು. ಒಂದಿಂಚಿನ ಚೌಕ ಕುಗ್ಗಿ, ಗೊಂಬೆಗಳ ಪಾದಪೀಠಗಳು ಒಂದರ ಮೇಲೊಂದು ಹತ್ತಿ ಕುಳಿತಿವೆ.

ಈ ನಡುವೆ ಮನಸ್ಸು ಕ್ವೇಕ್ ಆಟದ ನಕ್ಷೆ ಕಟ್ಟುವ ಎಡಿಟರ್ ಟ್ರೆಂಚ್‌ಬ್ರೂಮ್‌ನತ್ತ ಓಡುತ್ತಿದೆ. ಮೂಲ ಡೂಮ್ ಎಂಜಿನ್ನಿನಲ್ಲಿ ಕೋಣೆಯ ಮೇಲೆ ಕೋಣೆ ಕಟ್ಟಲಾಗದು, ಕ್ವೇಕ್‌ನಲ್ಲಿ ಆಗುತ್ತದೆ. ಮೂರಂತಸ್ತಿನ ಗೋಪುರವೊಂದನ್ನು ಅದರಲ್ಲಿ ಕಟ್ಟಿ, ಅಂತಸ್ತಿಗೊಂದರಂತೆ ಸೀಳಿ ನಕ್ಷೆ ತೆಗೆಯುವುದು ಮುಂದಿನ ಕೆಲಸ. ಅದಕ್ಕೆ ಮೊದಲು, ಹಲವು ತುಂಡು ಗೆರೆಗಳಿಂದಾದ ಬಾಗಿಲಿನ ಮುಖಗಳನ್ನು ಒಂದಾಗಿ ಹೊಲಿಯುವ ಭಾಗವನ್ನು ಸ್ಕ್ರಿಪ್ಟಿಗೆ ಸೇರಿಸಬೇಕು. ಸದ್ಯಕ್ಕೆ ಅಂಥ ಬಾಗಿಲುಗಳು ತುಂಡಿಗೊಂದು ಬೀಗ ಕೇಳುತ್ತಿವೆ.