ಪವರ್ ತೆಗೆದು ಬ್ಯಾಟರಿ ಬದಲಿಸಿದ ಬೆಳಗ್ಗೆ

ಮಂಡ್ಯ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರ ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿ ಅದು ನನ್ನ ಎರಡನೆಯ ಹಂಗಾಮು. ಬಾಸ್ಕೆಟ್ ತಿರುಗಿಸಿ ಸಕ್ಕರೆ ಹರಳನ್ನು ಕಾಕಂಬಿಯಿಂದ ಬೇರ್ಪಡಿಸುವ ಸೆಂಟ್ರಿಫ್ಯೂಗಲ್ ಯಂತ್ರದ ಪ್ಯಾನೆಲ್‌ನ ಕಂಟ್ರೋಲರ್, ಅಂದರೆ ಪ್ರೋಗ್ರಾಂ ಹೇಳಿದಂತೆ ಯಂತ್ರ ನಡೆಸುವ ಸೀಮೆನ್ಸ್ ಎಸ್5 ಪಿಎಲ್‌ಸಿಯಲ್ಲಿ ಬ್ಯಾಟರಿಯ ಹಳದಿ ದೀಪ ಎರಡು ದಿನದಿಂದ ಉರಿಯುತ್ತಿತ್ತು. ಕ್ಲೀನಿಂಗ್‌ಗೆಂದು ಮಿಲ್ ನಿಂತ ಬೆಳಗ್ಗೆ ನಾನು ಪವರ್ ತೆಗೆಯುವ ಮುಖ್ಯ ಸ್ವಿಚ್ಚಾದ ಐಸೊಲೇಟರ್ ಇಳಿಸಿ, ಹಳೆಯ ಬ್ಯಾಟರಿ ತೆಗೆದು ಹೊಸದನ್ನು ಕೂರಿಸಿ, ಮತ್ತೆ ಪವರ್ ಕೊಟ್ಟೆ. ಸ್ಟಾಪ್ ದೀಪ ಕೆಂಪಗೆ ಉರಿಯಿತು. ಸ್ವಿಚ್ಚನ್ನು ರನ್‌ಗೆ ಎರಡು ಬಾರಿ ತಿರುಗಿಸಿದರೂ ಅದು ಕದಲಲಿಲ್ಲ. ಪ್ರೋಗ್ರಾಂ ಅಳಿಸಿಹೋಗಿದೆ ಎಂದು ಹೊಳೆದಾಗ ನನ್ನ ಕೈ ತಣ್ಣಗಾಯಿತು.

ಪ್ಯಾನೆಲ್‌ಗೆ ಕೈ ಹಾಕುವ ಮುನ್ನ ಪವರ್ ತೆಗೆಯಬೇಕೆಂಬ ಪಾಠವನ್ನು ನಾನು ರಿಲೇ ಪ್ಯಾನೆಲ್‌ಗಳಲ್ಲಿ ಕಲಿತಿದ್ದೆ. ಅಲ್ಲಿ ತರ್ಕವೆಲ್ಲ ತಾಮ್ರದ ತಂತಿಯಲ್ಲಿ ಇರುತ್ತದೆ. ವರ್ಷವಿಡೀ ಕರೆಂಟ್ ಇಲ್ಲದಿದ್ದರೂ ಅದು ಮರೆಯುವುದಿಲ್ಲ. ಕಾರಿನ ಮಾದರಿ ಬದಲಾದಾಗಲೆಲ್ಲ ಆ ತಂತಿಗಳನ್ನು ಬಿಚ್ಚಿ ಕಟ್ಟುವ ಕಷ್ಟ ತಪ್ಪಿಸಲೆಂದೇ ಜನರಲ್ ಮೋಟರ್ಸ್ 1968ರಲ್ಲಿ ಹೊಸ ಕಂಟ್ರೋಲರ್ ಕೇಳಿತು, 1969ರಲ್ಲಿ ಮೊದಲ ಪಿಎಲ್‌ಸಿಗಳಲ್ಲಿ ಒಂದಾದ ಮೋಡಿಕಾನ್ 084 ಬಂತು. ಎಲೆಕ್ಟ್ರಿಷಿಯನ್ನರು ಓದಬಲ್ಲರೆಂದು ರಿಲೇ ನಕ್ಷೆಯಂಥ ಲ್ಯಾಡರ್ ಎಂಬ ಪ್ರೋಗ್ರಾಂ ರೂಪವನ್ನು ಉಳಿಸಿಕೊಂಡರು. ಕಣ್ಣಿಗೆ ಕಾಣುವ ನಕ್ಷೆ ಅದೇ ಆಗಿದ್ದುದರಿಂದ ಒಳಗಿನದೂ ಅದೇ ಎಂದು ನಾನು ನಂಬಿದ್ದೆ. ನಮ್ಮ ಎಸ್5ನಲ್ಲಿ ಪ್ರೋಗ್ರಾಮನ್ನು ಹಿಡಿದಿಡುವ ಸ್ಮೃತಿಯಾದ ರ‍್ಯಾಮ್‌ಗೆ ಪವರ್ ಇಲ್ಲದಾಗ ಆ ಬ್ಯಾಟರಿಯೊಂದೇ ಆಧಾರ. ಆದ್ದರಿಂದ ಪವರ್ ಇರುವಾಗಲೇ ಅದನ್ನು ಬದಲಿಸಬೇಕು. ಮ್ಯಾನ್ಯುಯಲ್‌ನಲ್ಲಿ ಬರೆದಿದ್ದ ಈ ಮಾತನ್ನು ನಾನು ಓದಿರಲಿಲ್ಲ.

ಸ್ಟೋರ್‌ನ ಡ್ರಾಯರ್‌ನಲ್ಲಿ ಪವರ್ ಇಲ್ಲದೆಯೂ ಪ್ರೋಗ್ರಾಂ ಉಳಿಸಿಕೊಳ್ಳುವ ಇಪ್ರಾಮ್ ಮಾಡ್ಯೂಲ್ ಸಿಕ್ಕಿತು. ಅದನ್ನು ಸಿಕ್ಕಿಸಿ ರಿಸೆಟ್ ಮಾಡಿದಾಗ ಹಸಿರು ದೀಪ ಬಂತು, ನಾನು ನಿಟ್ಟುಸಿರು ಬಿಟ್ಟೆ. ಖಾಲಿ ಬಾಸ್ಕೆಟ್‌ನಲ್ಲಿ ಒಂದು ಸೈಕಲ್ ಓಡಿಸಿದೆವು. ಸ್ಪಿನ್ ಮುಗಿದು ಬ್ರೇಕ್ ಬಿದ್ದ ಕೆಲವೇ ಕ್ಷಣದಲ್ಲಿ ಆಪರೇಟರ್ ಕೂಗಿದರು: "ಸ್ಪೀಡ್ ಇನ್ನೂ ಇಳ್ದಿಲ್ಲ ಸಾ, ಪ್ಲೋ ಬತ್ತಾ ಅದೆ!" ಅವರೇ ಎಮರ್ಜೆನ್ಸಿ ಬಟನ್ ಒತ್ತಿದರು. ಸಾವಿರಕ್ಕೂ ಹೆಚ್ಚು ಸುತ್ತಿನಿಂದ ಇಳಿಯುತ್ತಿದ್ದ ಬಾಸ್ಕೆಟ್‌ನ ಜಾಲರಿಯಿಂದ ಪ್ಲೋ, ಅಂದರೆ ಸಕ್ಕರೆಯನ್ನು ಕೆರೆದು ಇಳಿಸುವ ಅಲಗು, ಅಂಗೈಯಷ್ಟು ದೂರದಲ್ಲಿ ನಿಂತಿತ್ತು.

ಆ ಇಪ್ರಾಮ್ ಹಳೆಯದು. ಬ್ರೇಕ್ ಲೈನಿಂಗ್ ಸವೆದಾಗ ಪ್ಲೋವನ್ನು ಕಾಯಿಸುವ ಟೈಮರ್ ಸಾಲದೆಂದು ಹಿಂದಿನವರು, ವೇಗ ಇಳಿಯುವವರೆಗೆ ಪ್ಲೋವನ್ನು ತಡೆಯುವ ಪ್ರಾಕ್ಸಿಮಿಟಿ ಸ್ವಿಚ್ಚಿನ ಸ್ಪೀಡ್ ಇಂಟರ್‌ಲಾಕ್ ಸೇರಿಸಿದ್ದರು. ಅದು ರ‍್ಯಾಮ್‌ನಲ್ಲಿ ಮಾತ್ರ ಇತ್ತು. ಪ್ಯಾನೆಲ್ ಬಾಗಿಲಿನ ಒಳಗೆ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರು ಪೆನ್ಸಿಲ್‌ನಲ್ಲಿ ತಿದ್ದಿಟ್ಟಿದ್ದ ಲ್ಯಾಡರ್ ಪ್ರಿಂಟ್ ಇರದಿದ್ದರೆ ಅದನ್ನು ಮರಳಿ ಬರೆಯಲು ನಮಗೆ ದಾರಿಯೇ ಇರಲಿಲ್ಲ. ಪ್ರೋಗ್ರಾಂ ಬರೆಯಲು ಬಾಡಿಗೆಗೆ ತರಿಸಿದ ಪ್ರೋಗ್ರಾಮರ್ ಎಂಬ ಉಪಕರಣ ತಲುಪುವಾಗ ಸಂಜೆಯಾಗಿತ್ತು, ಗೇಟಿನಾಚೆ ಕಬ್ಬಿನ ಗಾಡಿಗಳ ಸಾಲು ರಸ್ತೆಯವರೆಗೆ ಬೆಳೆದಿತ್ತು. ಒಣಗುವ ಕಬ್ಬಿನ ತೂಕ ಇಳಿದರೆ ನಷ್ಟ ರೈತರದೇ ಎಂಬ ಸಂಕಟ ನನಗೆ ಇಂದಿಗೂ ಇದೆ. ಪ್ರೋಗ್ರಾಮರ್ ಕೊಳ್ಳಿರೆಂದು ಮೂರು ಬಾರಿ ಬರೆದ ಕೋರಿಕೆಗೆ ಆಡಳಿತ ಉತ್ತರಿಸದೇ ಇದ್ದುದು ತಪ್ಪೇ; ಆದರೆ ಆ ಐಸೊಲೇಟರ್ ಇಳಿಸಿದ ಕೈ ನನ್ನದು.

ಆ ರಾತ್ರಿ ಹೊಸ ಪ್ರೋಗ್ರಾಮನ್ನು ಇಪ್ರಾಮ್‌ಗೆ ಇಳಿಸಿ, ಅದರ ಮೇಲೆ ದಿನಾಂಕ ಬರೆದು, ಪ್ಯಾನೆಲ್ ಬಾಗಿಲಿಗೆ ಚೀಟಿ ಅಂಟಿಸಿದೆ: "ಬ್ಯಾಟರಿ ಬದಲಿಸುವಾಗ ಪವರ್ ತೆಗೆಯಬೇಡಿ."