ಕೋವಿಯೊಳಗಿನ ಮರದ ತುಂಡು

ಬದಿಯಡ್ಕದ ಹತ್ತಿರ ಮಾವನ ಕೋವಿ ರಿಪೇರಿ ಅಂಗಡಿಯಲ್ಲಿ ನಾನು ಕೆಲಸ ಕಲಿತೆ. ಅಲ್ಲಿಗೆ ಬರುತ್ತಿದ್ದದ್ದು ಹೆಚ್ಚಾಗಿ ಅಡಿಕೆ ತೋಟದವರ ಲೈಸೆನ್ಸ್ ಕೋವಿಗಳು. ಕೇಪಿನ ಕೋವಿ, ಒಂಟಿ ನಳಿಗೆ, ಜೋಡು ನಳಿಗೆ. ಹಂದಿ ಕಾಟದ ಊರು, ಅಲ್ವಾ. ಚುನಾವಣೆ ಮುಗಿದು ಸ್ಟೇಷನ್‌ನಿಂದ ಕೋವಿಗಳು ವಾಪಸ್ ಬಂದಾಗ ಕೆಲಸ ಜಾಸ್ತಿ.

ಅಂಥ ಒಂದು ದಿನ ಹಿರಿಯರೊಬ್ಬರು ಬಂದರು. ಕೈಯಲ್ಲಿ ತಂದೆಯ ಕಾಲದ ಕೋವಿ. "ಲೈಸೆನ್ಸ್ ಪುಸ್ತಕದಲ್ಲಿ ನಳಿಗೆಯ ಅಳತೆ 410 ಅಂತ ಉಂಟು. 410ರ ತೋಟೆಯೇ ತಂದದ್ದು. ಒಳಗೆ ಹೋಗುದಿಲ್ಲ. ಸ್ವಲ್ಪ ಕೊರೆದು ಕೊಡು ಮಾರಾಯ" ಅಂದರು.

ನೋಡಲು ಅದು ಸೇನೆಯ 303 ರೈಫಲಿನ ಹಾಗೆಯೇ ಇತ್ತು. ಆದರೆ 10 ತೋಟೆ ಹಿಡಿಯುವ ಮ್ಯಾಗಜಿನ್ ಇರಬೇಕಾದ ಜಾಗದಲ್ಲಿ ಮರದ ತುಂಡು. ಯಾರೋ ಬಡಗಿ ತುರುಕಿದ್ದಾನೆ ಅಂದುಕೊಂಡೆ. ಮಾವ ಊಟಕ್ಕೆ ಹೋಗಿದ್ದರು. ಕೇಳದೆ ಸ್ಕ್ರೂಡ್ರೈವರ್ ಹಾಕಿ ಮೀಟಿದೆ. ಅರ್ಧ ಎದ್ದು ಬಂತು. ಅಷ್ಟರಲ್ಲಿ ಮಾವ ಬಂದರು.

"ಬಿಡು ಅದನ್ನು. ಅದು ಬಡಗಿ ಇಟ್ಟದ್ದಲ್ಲ, ಸರ್ಕಾರ ಇಟ್ಟದ್ದು."

ಬಟ್ಟೆಯಿಂದ ತುಕ್ಕು ಒರೆಸಿ ಪಟ್ಟಿಯ ಮೇಲಿನ ಗುರುತು ತೋರಿಸಿದರು. ಒಂದು ಕಿರೀಟ, ಜೊತೆಗೆ ಜಿ.ಆರ್.ಐ. ಅಂತ ಮೂರು ಅಕ್ಷರ, ಇಶಾಪುರದ ಹೆಸರು. ಜಾರ್ಜ್ ದೊರೆಯ ಕಾಲದ್ದು. ಕಲ್ಕತ್ತೆ ಹತ್ತಿರದ ಇಶಾಪುರದ ಕಾರ್ಖಾನೆಯಲ್ಲಿ 303 ರೈಫಲಿನ ನಳಿಗೆಯೊಳಗಿನ ಸುರುಳಿ ಗೆರೆಗಳನ್ನು ಇಲ್ಲವಾಗಿಸಿ, 410 ಅಳತೆಯ ನುಣುಪು ನಳಿಗೆಯ ಮಸ್ಕೆಟ್ ಮಾಡಿದರು. ಪೊಲೀಸರಿಗೆ, ಕಾವಲಿನವರಿಗೆ ಕೊಡುವುದಕ್ಕೆ. ಮ್ಯಾಗಜಿನ್ ಜಾಗಕ್ಕೆ ಮರ ಕೂರಿಸಿದ್ದು, ಒಂದು ಸಲಕ್ಕೆ ಒಂದೇ ತೋಟೆ ಹಾಕಲು ಸಾಧ್ಯವಾಗಲಿ ಅಂತ. ಅದರ ತೋಟೆಯೂ ಬೇರೆ. 303ರ ತೋಟೆ ತುದಿಯ ಕಡೆ ಕುತ್ತಿಗೆಯ ಹಾಗೆ ಸಣ್ಣದಾಗುತ್ತದೆ. ಆ ಕುತ್ತಿಗೆ ಇಲ್ಲದ ಅದೇ ಹಿತ್ತಾಳೆ ಕೊಳವೆ ಈ ಮಸ್ಕೆಟ್ಟಿನದು. ಅಂಗಡಿಯ 410 ತೋಟೆಯ ಮೈ ಅದಕ್ಕಿಂತ ದಪ್ಪ. ಹೆಸರು ಒಂದೇ, ನಳಿಗೆಯ ಹಿಂದೆ ತೋಟೆ ಕೂರುವ ಗೂಡು ಬೇರೆ.

ಅಂದರೆ ಆ ಕೋವಿ ಕೆಟ್ಟಿರಲಿಲ್ಲ. ಬೇಕೆಂದೇ ಅದರ ಬಲ ತಗ್ಗಿಸಿದ್ದರು.

ಇದರ ಬೇರು 1857ರಲ್ಲಿದೆ ಅಂತ ಮಾವ ಹೇಳಿದರು. 1853ರ ಎನ್‌ಫೀಲ್ಡ್ ರೈಫಲಿನ ಕೊಬ್ಬು ಸವರಿದ ತೋಟೆಯಿಂದ ಕಿಡಿ ಹತ್ತಿತಲ್ಲ, ಅದಾದ ಮೇಲೆ ಇಲ್ಲಿನ ಸಿಪಾಯಿಗಳಿಗೆ ಹೊರಗಿನಿಂದ ಹಾಗೆಯೇ ಕಾಣುವ, ಒಳಗೆ ಗೆರೆ ಇಲ್ಲದ ಕೋವಿ ಕೊಟ್ಟರು. ದೂರಕ್ಕೆ ಗುರಿ ನಿಲ್ಲುವುದಿಲ್ಲ. ಮುಂದೆ ಬ್ರಿಟಿಷ್ ಸೈನಿಕರ ಕೈಗೆ 1871ರ ಮಾರ್ಟಿನಿ-ಹೆನ್ರಿ ರೈಫಲ್ ಬಂದಾಗ ನಮ್ಮವರಿಗೆ ಅದಕ್ಕಿಂತ ಹಳೆಯ ಸ್ನೈಡರ್ ರೈಫಲ್. ಯಾವಾಗಲೂ ಒಂದು ಹೆಜ್ಜೆ ಹಿಂದೆ. ನನಗೆ ಆ ದಿನ ಹೊಟ್ಟೆಯೊಳಗೆ ಉರಿದ ಹಾಗಾಯಿತು. ಶಾಲೆಯಲ್ಲಿ ಓದಿದ ಚರಿತ್ರೆ ನನ್ನ ಮಡಿಲಲ್ಲೇ ಇತ್ತು. ನಾನು ಅದನ್ನು ಸ್ಕ್ರೂಡ್ರೈವರ್‌ನಲ್ಲಿ ಮೀಟುತ್ತಿದ್ದೆ.

ಈಜಿಪ್ಟಿನ ಪೊಲೀಸರಿಗೆ ಮಾಡಿದ ಗ್ರೀನರ್ ಕೋವಿಯೂ ಇದೇ ಜಾತಿಯದು ಅಂತ ಆಮೇಲೆ ತಿಳಿದುಕೊಂಡೆ. ಅದಕ್ಕೆ ಪೇಟೆಯಲ್ಲಿ ಸಿಗದ ಆಕಾರದ ತೋಟೆ. ಕೊನೆಗೆ ತೋಟೆಯನ್ನು ಹೊಡೆಯುವ ಮೊಳೆಗೂ ಮೂರು ಮುಳ್ಳು ಮಾಡಿದರು. ಕದ್ದು ಒಯ್ದರೂ ಬೇರೆ ತೋಟೆ ಹಾರಬಾರದು ಅಂತ.

ಹಿರಿಯರಿಗೆ ಎಲ್ಲವನ್ನೂ ವಿವರಿಸಿದೆವು. ಗೂಡು ಕೊರೆಯುವುದಿಲ್ಲ ಅಂತಲೂ ಹೇಳಿದೆವು. ಅವರು ತುಂಬ ಹೊತ್ತು ಕೋವಿಯನ್ನು ನೋಡುತ್ತಾ ಕೂತರು. "ಹಾಗಾದರೆ ಇದು ಹೀಗೇ ಇರಲಿ" ಅಂದರು. ಹಂದಿಗೆ ಬೇರೆ 12 ಬೋರ್ ಕೋವಿ ತೆಗೆದುಕೊಂಡರು.

ಈಗ ಅಂಗಡಿ ನೋಡಿಕೊಳ್ಳುವುದು ನಾನೇ. ಯಾವ ಹಳೆಯ ಕೋವಿ ಬಂದರೂ ಮೊದಲು ಟಾರ್ಚ್, ಬಟ್ಟೆ, ಗುರುತು ಬರೆದಿಡುವ ಪುಸ್ತಕ. ಉಪಕರಣ ಮುಟ್ಟುವುದು ಆಮೇಲೆ. ಆ 410 ಕೂಡ ಎಣ್ಣೆ ಹಾಕಿಸಿಕೊಳ್ಳಲು ಬರುತ್ತಿರುತ್ತದೆ, ಈಗ ಅವರ ಮಗನ ಕೈಯಲ್ಲಿ. ಮರದ ತುಂಡಿನ ಅಂಚಿನಲ್ಲಿ ನನ್ನ ಸ್ಕ್ರೂಡ್ರೈವರ್ ಕಚ್ಚಿದ ಗಾಯ ಹಾಗೆಯೇ ಇದೆ.